ಕೆಟ್ಟ ಸುದ್ದಿ ಮೇಲಕ್ಕೆ ಹತ್ತುವ ದಾರಿ

(ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸೂಪರ್‌ವೈಸರ್‌ಗಳು, ಕಿರಿಯ ಎಂಜಿನಿಯರ್‌ಗಳು ಮತ್ತು ಎಚ್‌ಆರ್ ವಿಭಾಗದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸದ ವಾತಾವರಣ ಹೇಗಿದೆ ಅಂತ ತಿಳಿಯಬೇಕಾದರೆ ರಿಸೆಪ್ಷನ್ನಿನ ಗೋಡೆ ನೋಡಬೇಡಿ. ಅಲ್ಲಿ ‘ನಮ್ಮ ಮೌಲ್ಯಗಳು’ ಅಂತ ಚೌಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಹೂಟಗಳ್ಳಿಯಿಂದ ನಂಜನಗೂಡಿನ ತಾಂಡ್ಯದವರೆಗೆ ಯಾವ ಗೇಟಿನೊಳಗೆ ಹೋದರೂ ಆ ಚೌಕಟ್ಟಿನಲ್ಲಿ ಹೆಚ್ಚೂಕಮ್ಮಿ ಅವೇ ನಾಲ್ಕು ಪದ. ಅದರ ಬದಲು ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಶಾಪ್‌ಫ್ಲೋರಿಗೆ ಹೋಗಿ ಒಂದು ಕಡೆ ನಿಂತುಕೊಳ್ಳಿ. ಬೆಳಿಗ್ಗೆ ಆರಕ್ಕೆ ಬಂದ ‘ಎ’ ಶಿಫ್ಟು ಎರಡಕ್ಕೆ ಹೊರಡಬೇಕು, ‘ಬಿ’ ಶಿಫ್ಟು ಒಳಗೆ ಬರಬೇಕು. ಆ ಕಾಲು ಗಂಟೆಯಲ್ಲಿ ಇಬ್ಬರು ಆಪರೇಟರ್‌ಗಳು ಮಷೀನಿನ ಮುಂದೆ ನಿಂತು ಮಾತಾಡುತ್ತಾರೋ ಇಲ್ಲವೋ, ಮಾತಾಡಿದರೆ ಏನು ಮಾತಾಡುತ್ತಾರೆ, ಅಷ್ಟು ನೋಡಿದರೆ ಸಾಕು. ಇವತ್ತು ನಾವು ಹೇಳಬೇಕೆಂದಿರುವುದೂ ಇಷ್ಟೇ: ಕೆಟ್ಟ ಸುದ್ದಿ ಮಷೀನಿನಿಂದ ಮ್ಯಾನೇಜರ್ ತನಕ ಎಷ್ಟು ಹೊತ್ತಿನಲ್ಲಿ ಹೋಗುತ್ತದೆ, ಅಲ್ಲಿ ಮುಟ್ಟಿದ ಮೇಲೆ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು. ನೌಕರರು ಕಂಪನಿಯ ಬಗ್ಗೆ ಮನೆಯಲ್ಲಿ ಏನು ಹೇಳುತ್ತಾರೆ ಅನ್ನುವುದು ಬಹಳ ಮಟ್ಟಿಗೆ ಇದರ ಮೇಲೇ ನಿಂತಿದೆ.

ಒಂದು ಶಾಫ್ಟು ತೆಗೆದುಕೊಳ್ಳೋಣ. ಅದರ ಮೇಲೆ ಬೇರಿಂಗ್ ಕೂರುವ ಜಾಗ, 45 ಮಿಲಿಮೀಟರ್, ಕೆ6 ಫಿಟ್. ಅಂದರೆ ಅಳತೆ 45.002ರಿಂದ 45.018ರ ಒಳಗಿರಬೇಕು. ಹದಿನಾರು ಮೈಕ್ರಾನ್ ಜಾಗ; ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇಥಿನಲ್ಲಿ ಲೋಹ ಕತ್ತರಿಸುವ ಇನ್ಸರ್ಟು ಸವೆಯುತ್ತಾ ಹೋದಂತೆ ಪೀಸು ದಪ್ಪವಾಗುತ್ತಾ ಹೋಗುತ್ತದೆ: 45.010, 45.013, 45.016. ಎ ಶಿಫ್ಟಿನ ಆಪರೇಟರ್ ಒಂದೂವರೆಗೆ ಇದನ್ನು ನೋಡಿ ಆಫ್‌ಸೆಟ್ಟಿನಲ್ಲಿ, ಅಂದರೆ ಟೂಲಿನ ಸ್ಥಾನದ ತಿದ್ದುಪಡಿಯಲ್ಲಿ, ಎಂಟು ಮೈಕ್ರಾನ್ ಇಳಿಸುತ್ತಾನೆ. ಈಗ ಪೀಸು 45.008ಕ್ಕೆ ಬಂತು, ನಡುಮಧ್ಯಕ್ಕೆ ಹತ್ತಿರ. ಸರಿಯಾದ ಕೆಲಸವೇ. ಆದರೆ ಇನ್‌ಸ್ಪೆಕ್ಷನ್ ಹಾಳೆಯಲ್ಲಿ ಕೊನೆಗೆ ಬರೆದಿರುವುದು 45.016. ಆಫ್‌ಸೆಟ್ ಇಳಿಸಿದ್ದನ್ನು ಎಲ್ಲೂ ಬರೆದಿಲ್ಲ. ಎರಡು ಗಂಟೆಗೆ ಪಂಚ್ ಮಾಡಿ ಓಡಿದ.

ಬಿ ಶಿಫ್ಟಿನವನು ಬಂದು ಮೊದಲ ಪೀಸು ತೆಗೆದ. ಪೀಸು ಹಿಡಿದಿಡುವ ಚಕ್‌ನಿಂದ ಆಗ ತಾನೇ ಬಿಚ್ಚಿದ್ದು, ಅಳತೆಯ ಕೋಣೆಗಿಂತ ಹದಿನೈದು ಡಿಗ್ರಿ ಬಿಸಿ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 45 ಮಿಲಿಮೀಟರಿಗೆ, ಹದಿನೈದು ಡಿಗ್ರಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎಂಟು ಮೈಕ್ರಾನ್. ನಿಜದಲ್ಲಿ 45.008 ಇರುವ ಪೀಸು ಮೈಕ್ರೋಮೀಟರಿನಲ್ಲಿ 45.016 ತೋರಿಸುತ್ತದೆ. ಹಾಳೆ ನೋಡಿದ, ಅಲ್ಲೂ 45.016. ಎರಡೂ ತಾಳೆಯಾಯಿತು. ಇವನೂ ಎಂಟು ಮೈಕ್ರಾನ್ ಇಳಿಸಿದ. ಇನ್ನು ಮುಂದೆ ಬರುವ ಪೀಸು 45.000. ನಾಲ್ಕು ಗಂಟೆಗೆ ಗುಣಮಟ್ಟ ನೋಡುವ ಕ್ಯೂಎಯವರು ಆರಿದ ಪೀಸು ಹಿಡಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ, ಮೂರು ನಿಮಿಷಕ್ಕೊಂದರಂತೆ, ಮೂವತ್ತೈದು ಶಾಫ್ಟು ಕೆಟ್ಟಿವೆ. ದಪ್ಪ ಇದ್ದಿದ್ದರೆ ಇನ್ನೊಮ್ಮೆ ಉಜ್ಜಬಹುದಿತ್ತು. ತೆಳುವಾದದ್ದಕ್ಕೆ ಲೋಹ ಅಂಟಿಸುವುದಕ್ಕಾಗುವುದಿಲ್ಲ, ಅದು ಸ್ಕ್ರ್ಯಾಪೇ.

ಇಲ್ಲಿ ಇಬ್ಬರೂ ಸೋಮಾರಿಗಳಲ್ಲ, ಇಬ್ಬರಿಗೂ ಕೆಲಸ ಗೊತ್ತು. ಈಗ ಸೂಪರ್‌ವೈಸರ್ ಬಂದು ಕೇಳುವ ಮೊದಲ ಮಾತು ‘ಯಾರ್ರೀ ಶಿಫ್ಟಲ್ಲಿದ್ದಿದ್ದು?’ ಅಂತಾದರೆ, ನಾಳೆಯಿಂದ ಇಬ್ಬರೂ ಒಂದು ಪಾಠ ಕಲಿಯುತ್ತಾರೆ: ಕೆಟ್ಟ ಪೀಸನ್ನು ಒಂದೊಂದಾಗಿ ಹಳೇ ರಿಜೆಕ್ಷನ್ ಬಿನ್ನಿಗೆ ಬೆರೆಸಿಬಿಡುವುದು. ಆ ಕೆಂಪು ಬಿನ್ನಿನ ಲೆಕ್ಕ ತಿಂಗಳ ಕೊನೆಗೆ ಮಾತ್ರ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮೊದಲ ಮಾತು ‘ಪೀಸು ಎಷ್ಟು ಬಿಸಿ ಇತ್ತು? ಆಫ್‌ಸೆಟ್ ಯಾವಾಗ ಕೊಟ್ಟಿದ್ದು?’ ಅಂತಾದರೆ, ಮುಂದಿನ ಸಲ ಮೂವತ್ತೈದರ ಬದಲು ಮೂರನೇ ಪೀಸಿಗೇ ಫೋನ್ ಬರುತ್ತದೆ. ಯಾರು ಅನ್ನುವ ಪ್ರಶ್ನೆ ಕೇಳಲೇಬಾರದು ಅಂತಲ್ಲ. ಅದು ನಾಲ್ಕನೆಯದೋ ಐದನೆಯದೋ ಆಗಿರಲಿ.

ಒಂದು ಶಿಫ್ಟು ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಹ್ಯಾಂಡೋವರ್ ಪುಸ್ತಕದಲ್ಲಿ ಬೇಕಾದದ್ದು ಐದೇ ಸಂಗತಿ. ಕೊನೆಯ ಐದು ಅಳತೆ, ಅವುಗಳ ಸಮಯ. ಶಿಫ್ಟಿನಲ್ಲಿ ಕೊಟ್ಟ ಎಲ್ಲ ಆಫ್‌ಸೆಟ್, ಪ್ಲಸ್ಸೋ ಮೈನಸ್ಸೋ, ಎಷ್ಟು ಗಂಟೆಗೆ. ಈಗ ಕೂತಿರುವ ಇನ್ಸರ್ಟಿನ ಮೂಲೆ ಎಷ್ಟು ಪೀಸು ಮಾಡಿದೆ. ಬಂದ ಅಲಾರಂ, ಹೊಸ ಸದ್ದು, ಕೂಲಂಟ್ ಸ್ಥಿತಿ. ಪಕ್ಕಕ್ಕಿಟ್ಟ ಅನುಮಾನದ ಪೀಸು ಎಷ್ಟು. ಪುಸ್ತಕದಲ್ಲಿ ದಿನಾ ‘ಓಕೆ, ಓಕೆ, ಓಕೆ’ ಅಂತಲೇ ಇದ್ದರೆ ಅದನ್ನು ಯಾರೂ ಓದುತ್ತಿಲ್ಲ ಎಂದರ್ಥ. ಓದುವವರಿಲ್ಲದ ಕಡೆ ಬರೆಯುವವರು ಎಲ್ಲಿಂದ ಬರುತ್ತಾರೆ?

ಇಷ್ಟು ಬರೆದು, ಮಷೀನು ತೋರಿಸಿ ಹೋಗಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಯಾರ ಲೆಕ್ಕಕ್ಕೆ? ನಿಜವಾದ ತೊಡಕು ಇಲ್ಲಿದೆ. ಪಾಂಡವಪುರದ ಕಡೆ ಹೋಗುವ ಕಂಪನಿ ಬಸ್ಸು ಎರಡೂ ಐದಕ್ಕೆ ಹೊರಡುತ್ತದೆ ಅಂದರೆ ಹ್ಯಾಂಡೋವರ್ ಆಗುವುದೇ ಇಲ್ಲ, ನೀವು ಎಷ್ಟು ತರಬೇತಿ ಕೊಟ್ಟರೂ. ಬಸ್ಸನ್ನು ಎರಡೂ ಇಪ್ಪತ್ತಕ್ಕೆ ಮಾಡಿ, ಒಳಬರುವವರ ಶಿಫ್ಟು ಹತ್ತು ನಿಮಿಷ ಮೊದಲೇ ಶುರುವಾಗಲಿ, ಆ ಹತ್ತು ನಿಮಿಷಕ್ಕೂ ಸಂಬಳ ಸೇರಿಸಿ. ಗುಣಮಟ್ಟದ ಸಮಸ್ಯೆಗೆ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿ ಉತ್ತರ ಇರಬಹುದು ಅಂತ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಟಾರ್ಗೆಟ್. ‘ನಮ್ಮಲ್ಲಿ ಒತ್ತಡ ಜಾಸ್ತಿ’ ಅಂತ ನೌಕರರು ಹೇಳಿದಾಗ ಎಚ್‌ಆರ್‌ನವರು ಯೋಗ ಶಿಬಿರ ಇಡುತ್ತಾರೆ. ಮೈಸೂರಿನಲ್ಲಿ ಯೋಗಕ್ಕೇನು ಬರ, ಇಡಲಿ. ಆದರೆ ಅದಕ್ಕೆ ಮೊದಲು ಒಂದು ಕಾಗದ ತೆಗೆದುಕೊಂಡು ಭಾಗಾಕಾರ ಮಾಡಿ ನೋಡಿ. ಎಂಟು ಗಂಟೆ ಅಂದರೆ 480 ನಿಮಿಷ. ಸೈಕಲ್ ಟೈಮ್, ಅಂದರೆ ಒಂದು ಪೀಸಿಗೆ ಹಿಡಿಯುವ ಹೊತ್ತು, ಮೂರು ನಿಮಿಷ. ಹಾಗಾದರೆ 160 ಪೀಸು ಅಂತ ಬೋರ್ಡಿನ ಮೇಲೆ ಬರೆದುಬಿಡುತ್ತಾರೆ. ಈಗ ಕಳೆಯುತ್ತಾ ಬನ್ನಿ. ಊಟಕ್ಕೆ 30, ಎರಡು ಸಲ ಟೀಗೆ 20, ಹ್ಯಾಂಡೋವರಿಗೆ 10. ಉಳಿದದ್ದು 420 ನಿಮಿಷ, ಅಂದರೆ 140 ಪೀಸು. ಹತ್ತು ಪೀಸಿಗೊಮ್ಮೆ ಅಳೆದು ಬರೆಯಬೇಕು ಅಂತ ತಪಾಸಣೆಯ ಕ್ರಮ ಬರೆದಿಟ್ಟ ಕಂಟ್ರೋಲ್ ಪ್ಲಾನಿನಲ್ಲಿದೆ; ಪೀಸು ಒರೆಸಿ, ಆರಲು ಬಿಟ್ಟು, ಅಳೆದು, ಬರೆಯುವುದಕ್ಕೆ ಮಷೀನು ನಿಲ್ಲುವ ಹೊತ್ತು ಒಂದೂವರೆ ನಿಮಿಷ ಅಂತಿಟ್ಟುಕೊಳ್ಳಿ. ಆಗ 133. ನಲವತ್ತು ಪೀಸಿಗೊಮ್ಮೆ ಇನ್ಸರ್ಟಿನ ಮೂಲೆ ತಿರುಗಿಸಬೇಕು, ಪ್ರತಿ ಸಲ ನಾಲ್ಕು ನಿಮಿಷ. ಆಗ 129. ಮಷೀನು ಒಮ್ಮೆಯೂ ಕೆಡದೆ, ಮೆಟೀರಿಯಲ್ ಒಮ್ಮೆಯೂ ತಡವಾಗದೆ ಸಿಗುವುದು 129. ಬೋರ್ಡಿನ ಮೇಲಿರುವುದು 160.

ಮೂವತ್ತೊಂದು ಪೀಸಿನ ಈ ಕಂದಕವನ್ನು ಆಪರೇಟರ್ ಯಾವುದರಿಂದ ತುಂಬಬೇಕು? ಊಟ ಬಿಟ್ಟರೆ ಮೈ ಕೇಳುವುದಿಲ್ಲ. ಫೀಡ್, ಅಂದರೆ ಒಂದು ಸುತ್ತಿಗೆ ಟೂಲು ಮುಂದೆ ಸಾಗುವ ದೂರ, ಜಾಸ್ತಿ ಮಾಡಿದರೆ ಫಿನಿಶ್ ಕೆಡುತ್ತದೆ, ತಕ್ಷಣ ಕಾಣುತ್ತದೆ. ತಕ್ಷಣ ಕಾಣದೇ ಇರುವುದು ಒಂದೇ, ಅಳತೆ. ಶಿಫ್ಟಿನ ಕೊನೆಗೆ ಕೂತು ಹದಿಮೂರು ರೀಡಿಂಗನ್ನೂ ಒಟ್ಟಿಗೆ ತುಂಬುತ್ತಾರೆ. ಹಾಳೆ ಸೊಗಸಾಗಿರುತ್ತದೆ, ಎಲ್ಲ ಅಂಕಿಯೂ ನಡುಮಧ್ಯದಲ್ಲಿ, ಒಂದೇ ಪೆನ್ನಿನಲ್ಲಿ, ಒಂದೇ ಓಟದ ಅಕ್ಷರದಲ್ಲಿ. ಅನುಭವವಿರುವ ಆಡಿಟರ್‌ಗೆ ದೂರದಿಂದಲೇ ಗೊತ್ತಾಗುತ್ತದೆ. ಆಮೇಲೆ ‘ನಮ್ಮ ಹುಡುಗರಿಗೆ ಕ್ವಾಲಿಟಿ ಮೈಂಡ್‌ಸೆಟ್ ಇಲ್ಲ’ ಅಂತ ಮೀಟಿಂಗಿನಲ್ಲಿ ಹೇಳುತ್ತಾರೆ. ಇಂಥ ಟಾರ್ಗೆಟ್ ಕೊಡುವವರು ಸುಳ್ಳು ಬರೆಯಲು ಆಜ್ಞೆ ಮಾಡಿದಂತೆಯೇ, ಬಾಯಲ್ಲಿ ಹೇಳದಿದ್ದರೂ ಅಷ್ಟೆ. ಪರಿಹಾರವೂ ಅದೇ ಕಾಗದದಲ್ಲಿದೆ: ಬೋರ್ಡಿನ ಮೇಲೆ 129 ಬರೆಯಿರಿ, ಕೆಳಗೆ ಆ ಅಂಕಿ ಹೇಗೆ ಬಂತು ಅಂತ ನಾಲ್ಕು ಸಾಲಿನಲ್ಲಿ ಬರೆಯಿರಿ. 129ರ ಕೆಳಗೆ ಬಿದ್ದಾಗ ಕಾರಣ ಕೇಳುವುದಕ್ಕೆ ಆಗ ನಿಮಗೆ ಮುಖವಿರುತ್ತದೆ.

ಸುರಕ್ಷತೆಯ ಮಾತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಿಎನ್‌ಸಿ ಮಷೀನಿನ ಬಾಗಿಲು ತೆರೆದಿದ್ದರೆ ಸ್ಪಿಂಡಲ್ ತಿರುಗಬಾರದು ಅಂತ ಇಂಟರ್‌ಲಾಕ್ ಸ್ವಿಚ್ ಇರುತ್ತದೆ. ಬಾಗಿಲಿನ ಮೇಲಿರುವ ಒಂದು ನಾಲಿಗೆ ಸ್ವಿಚ್ಚಿನೊಳಗೆ ಹೋದರೆ ಮಾತ್ರ ಮಷೀನು ಒಪ್ಪುತ್ತದೆ. ಎಷ್ಟೋ ಕಡೆ ಇಂಥ ಇನ್ನೊಂದು ನಾಲಿಗೆಯನ್ನು ಸ್ವಿಚ್ಚಿಗೆ ಖಾಯಮ್ಮಾಗಿ ತುರುಕಿರುತ್ತಾರೆ. ಬಾಗಿಲು ತೆರೆದೇ ಮಷೀನು ಓಡುತ್ತದೆ. ಸೇಫ್ಟಿಯವರು ಬಂದು ಬೈದು, ಅದನ್ನು ಕಿತ್ತು, ಮೆಮೊ ಕೊಟ್ಟು ಹೋಗುತ್ತಾರೆ. ವಾರದಲ್ಲಿ ಮತ್ತೆ ಅಲ್ಲೇ ಬಂದು ಕೂತಿರುತ್ತದೆ.

ಯಾಕೆ ಅಂತ ಆಪರೇಟರನ್ನು ಕೇಳಿದರೆ ಉತ್ತರ ಬಹಳ ಸರಳ. ‘ಸಾರ್, ಚಿಪ್ಸ್ ಸುತ್ಕೊಳ್ಳುತ್ತೆ.’ ರಫ್ ಕಟ್ಟಿನಲ್ಲಿ ಫೀಡ್ ತೀರಾ ಕಡಿಮೆ ಇಟ್ಟರೆ, ಇಲ್ಲವೇ ಲೋಹದ ಸುರುಳಿಯನ್ನು ಮುರಿಯಲು ಇನ್ಸರ್ಟಿನ ಮೇಲಿರುವ ಚಿಪ್ ಬ್ರೇಕರ್ ಆ ಕೆಲಸಕ್ಕೆ ಹೊಂದದೇ ಇದ್ದರೆ, ಲೋಹ ತುಂಡಾಗದೆ ಜಡೆಯ ಹಾಗೆ ಉದ್ದಕ್ಕೆ ಬರುತ್ತದೆ. ಜಾಬಿಗೆ, ಟೂಲಿಗೆ ಸುತ್ತಿಕೊಳ್ಳುತ್ತದೆ. ಪ್ರತಿ ಪೀಸಿಗೂ ನಿಲ್ಲಿಸಿ, ಬಾಗಿಲು ತೆಗೆದು, ಕೊಕ್ಕೆಯಿಂದ ಎಳೆದು, ಮುಚ್ಚಿ ಶುರುಮಾಡಿದರೆ ಅರ್ಧ ನಿಮಿಷ ಹೋಗುತ್ತದೆ. 129 ಪೀಸಿಗೆ ಒಂದು ಗಂಟೆ ದಾಟುತ್ತದೆ. ಪ್ರೊಡಕ್ಷನ್ ಎಂಜಿನಿಯರ್ ಬಂದು ಫೀಡ್ ಸುತ್ತಿಗೆ 0.1ರಿಂದ 0.2 ಮಿಲಿಮೀಟರಿಗೆ ಏರಿಸಿ, ಚಿಪ್ ಬ್ರೇಕರ್ ಬದಲಿಸಿ ನೋಡಿದರೆ ಸುರುಳಿ ಸಣ್ಣ ತುಂಡಾಗಿ ಉದುರಬಹುದು. ಆಗ ಬಾಗಿಲು ತೆರೆಯುವ ಅಗತ್ಯವೇ ಇರುವುದಿಲ್ಲ. ಮೆಮೊ ಕೊಟ್ಟು ಆಗದೇ ಇದ್ದದ್ದು ಹೀಗೆ ಆಗಬಹುದು. ಸೇಫ್ಟಿ, ಪ್ರೊಡಕ್ಷನ್, ಟೂಲಿಂಗ್ ಈ ಮೂವರೂ ಒಂದೇ ಮಷೀನಿನ ಮುಂದೆ ಒಂದೇ ಸಲ ನಿಂತುಕೊಳ್ಳಬೇಕು, ಕಷ್ಟ ಇರುವುದು ಅದರಲ್ಲಿ.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ದಾಖಲಾಗಿರಬೇಕು ಅಂತ ನಿರೀಕ್ಷೆ. ಆದರೆ ಅಂಥ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಹೇಳುವ ಧೈರ್ಯ ಅವರಿಗಿತ್ತು. ನಿಮ್ಮ ನಿಯರ್ ಮಿಸ್ ರಿಜಿಸ್ಟರಿನಲ್ಲಿ, ಅಂದರೆ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳ ಪುಸ್ತಕದಲ್ಲಿ, ಇಡೀ ವರ್ಷ ಒಂದೇ ಒಂದು ಸಾಲಿಲ್ಲ ಅಂದರೆ ಹೆಮ್ಮೆಪಡಬೇಡಿ, ಹೆದರಿ.

ಈಗ ಸ್ವಲ್ಪ ಮಾತಿನ ವಿಷಯ. ಈ ಸೀಮೆಯಲ್ಲಿ ಬಹುವಚನಕ್ಕೆ ಬೆಲೆ ಜಾಸ್ತಿ. ಅಂಗಡಿಯವರೂ ಗಿರಾಕಿಗೆ ‘ಏನ್ ಬೇಕ್ರೀ’ ಅನ್ನುತ್ತಾರೆ. ಅಂಥ ಊರಿನಲ್ಲಿ ಇಪ್ಪತ್ತಾರು ವರ್ಷದ ಎಂಜಿನಿಯರ್ ಐವತ್ತು ದಾಟಿದ ಫಿಟ್ಟರನ್ನು ಎಲ್ಲರ ಮುಂದೆ ‘ನೀನು’ ಅಂದರೆ ಆ ಫಿಟ್ಟರ್ ದೂರು ಕೊಡುವುದಿಲ್ಲ, ಕೆಲಸವನ್ನೂ ನಿಲ್ಲಿಸುವುದಿಲ್ಲ. ತನಗೆ ಗೊತ್ತಿರುವುದನ್ನು ಹೇಳುವುದನ್ನು ಮಾತ್ರ ನಿಲ್ಲಿಸುತ್ತಾರೆ. ಆ ಪ್ರೆಸ್ಸಿನ ಬುಶ್ ಯಾವ ಸದ್ದು ಮಾಡಿದಾಗ ಬದಲಿಸಬೇಕು ಅನ್ನುವುದು ಅವರ ತಲೆಯಲ್ಲೇ ಇದ್ದು, ಅವರ ಜೊತೆಯೇ ನಿವೃತ್ತಿಯಾಗುತ್ತದೆ. ಹೊರ ರಾಜ್ಯದಿಂದ ಬಂದ ಮ್ಯಾನೇಜರಿಗೆ ಕನ್ನಡ ಪೂರ್ತಿ ಬರದಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಬನ್ನಿ, ಕೂತ್ಕೊಳ್ಳಿ, ಹೇಳಿ’ ಇಷ್ಟು ಮೂರು ಪದ ಕಲಿತರೂ ಕೆಲಸ ನಡೆಯುತ್ತದೆ. ಆದರೆ ಮಷೀನಿನ ಮೇಲಿನ ಕೆಲಸದ ಸೂಚನಾ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇರುವುದು ಅಕ್ಷಮ್ಯ. ಐಟಿಐ ಮುಗಿಸಿ ಬಂದ ಹುಡುಗ ‘ಟಾರ್ಕ್’, ‘ಆಫ್‌ಸೆಟ್’ ಓದುತ್ತಾನೆ. ಅವುಗಳ ನಡುವಿನ ಷರತ್ತಿನ ವಾಕ್ಯವನ್ನು ಬಿಟ್ಟು ಮುಂದೆ ಹೋಗುತ್ತಾನೆ. ತಪ್ಪು ನಡೆಯುವುದು ಆ ಷರತ್ತಿನಲ್ಲೇ. ತಾಂತ್ರಿಕ ಪದ ಹಾಗೇ ಇರಲಿ, ವಾಕ್ಯ ಕನ್ನಡದಲ್ಲಿರಲಿ. ಹಾಳೆ ಗೋಡೆಗೆ ಹೋಗುವ ಮೊದಲು ಆಪರೇಟರ್ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.

ರಜೆ ವಿಷಯದಲ್ಲಿ ನಮ್ಮ ಕಡೆಯ ಕಾರ್ಖಾನೆಗಳು ಪ್ರತಿ ವರ್ಷವೂ ಆಶ್ಚರ್ಯಪಡುತ್ತವೆ. ಆಶ್ಚರ್ಯಕ್ಕೆ ಕಾರಣವೇ ಇಲ್ಲ. ಇಲ್ಲಿ ಕೆಲಸ ಮಾಡುವ ಬಹಳ ಜನರಿಗೆ ಮಂಡ್ಯ, ಶ್ರೀರಂಗಪಟ್ಟಣ, ಟಿ. ನರಸೀಪುರ, ಕೆ.ಆರ್. ನಗರದ ಹಳ್ಳಿಗಳಲ್ಲಿ ಜಮೀನಿದೆ. ಯುಗಾದಿಯ ಮಾರನೇ ದಿನ ಹೊಸತೊಡಕು, ಆವತ್ತು ಅರ್ಧ ಶಿಫ್ಟು ಖಾಲಿ. ಮುಂಗಾರಿನಲ್ಲಿ ನಾಲೆಗೆ ನೀರು ಬಿಟ್ಟರೆ ನಾಟಿ ಕೆಲಸ. ಕಬ್ಬಿಗೆ ಕಟಾವಿನ ಪರ್ಮಿಟ್ ಬಂದರೆ ಆ ದಿನ ಮನೆಯವರು ಗದ್ದೆಯಲ್ಲಿರಲೇಬೇಕು. ಊರ ಮಾರಿಹಬ್ಬ ಇನ್ನೊಂದು. ಇದನ್ನೆಲ್ಲ ಅಶಿಸ್ತು ಅಂತ ಬರೆದುಕೊಂಡು ಮೂರು ದಿನದ ಸಂಬಳ ಹಿಡಿದರೆ, ಮುಂದಿನ ಸಲ ‘ಅಜ್ಜಿ ತೀರಿಕೊಂಡರು’ ಅಂತ ಬರುತ್ತದೆ. ಒಬ್ಬೊಬ್ಬರ ಅಜ್ಜಿಯೂ ವರ್ಷಕ್ಕೆರಡು ಸಲ ತೀರಿಕೊಳ್ಳುವಂತೆ ಮಾಡಿದ್ದು ನಮ್ಮ ರಜೆಯ ನಿಯಮವೇ.

ಇದಕ್ಕೆ ಜನವರಿಯಲ್ಲೇ ಒಂದು ಕ್ಯಾಲೆಂಡರ್ ಹಿಡಿದು ಪ್ರತಿ ವಿಭಾಗದಲ್ಲೂ ಕೇಳಿ ಬರೆದುಕೊಳ್ಳಿ, ಯಾರ ಊರಲ್ಲಿ ಯಾವ ಹಬ್ಬ, ಯಾವ ತಿಂಗಳು ನಾಟಿ. ತಾರೀಖು ಗಟ್ಟಿಯಾಗದಿದ್ದರೂ ವಾರ ಗೊತ್ತಿರುತ್ತದೆ. ಆ ವಾರಕ್ಕೆ ಮಷೀನಿನ ವಾರ್ಷಿಕ ಮೇಂಟೆನೆನ್ಸ್ ಹಾಕಿ, ಅಥವಾ ಅದಕ್ಕೆ ಹಿಂದಿನ ಎರಡು ವಾರ ಸ್ವಲ್ಪ ಸ್ಟಾಕ್ ಕಟ್ಟಿಕೊಳ್ಳಿ. ಆಯುಧಪೂಜೆಗೆ ಮಷೀನು ನಿಲ್ಲಿಸಿ, ತೊಳೆದು, ಹೂವು ಮುಡಿಸಲು ನಾವು ಕಷ್ಟವಿಲ್ಲದೆ ಯೋಜನೆ ಹಾಕುತ್ತೇವಲ್ಲ, ಅದೇ ತರಹ. ಗಳಿಕೆ ರಜೆಗೆ 20 ದಿನದ ದುಡಿಮೆಗೆ ಒಂದು ದಿನ ಅನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ಲೆಕ್ಕ. ಅಲ್ಲಿ ಅದಕ್ಕೆ ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 180ಕ್ಕೆ ಇಳಿದಿದೆ. ಅದು ಹಕ್ಕು. ರಜೆ ಕೊಡುವಾಗ ಉಪಕಾರ ಮಾಡುತ್ತಿದ್ದೇವೆ ಅನ್ನುವ ಮುಖ ಬೇಡ.

ಸಂಬಳದ ಚೀಟಿಗೆ ಬರೋಣ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಒಂದು ಕಾರ್ಖಾನೆಯೊಳಗೆ ಏನಾಯಿತು ಅಂತ ಎಲ್ಲರೂ ಟೀವಿಯಲ್ಲಿ ನೋಡಿದಿರಿ. ಸಿಟ್ಟಿಗೆದ್ದ ಕಾರ್ಮಿಕರು ಗಾಜು ಒಡೆದದ್ದನ್ನು ಯಾರೂ ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದೆ ಕೇಳಿಬಂದ ದೂರು ಸಂಬಳ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ), ಹಾಜರಾತಿಯ ಲೆಕ್ಕದ್ದು. ಲೆಕ್ಕ ಅರ್ಥವಾಗದ ಚೀಟಿ ಪ್ರತಿ ತಿಂಗಳೂ ಒಂದು ಅನುಮಾನವನ್ನು ಮನೆಗೆ ಕಳಿಸುತ್ತದೆ.

ಉದಾಹರಣೆಗೆ ಮೂಲ ವೇತನ, ತುಟ್ಟಿಭತ್ಯೆ ಎರಡೂ ಸೇರಿ 15,600 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳ 26 ಕೆಲಸದ ದಿನದಿಂದ ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75. ಓಟಿ ದುಪ್ಪಟ್ಟು, ಗಂಟೆಗೆ 150. ಮೂವತ್ತು ಗಂಟೆಗೆ 4,500. ಈಗ ಇನ್ನೊಂದು ಕಡೆ ಮಾಡುವ ಲೆಕ್ಕ ನೋಡಿ: ಮೂಲ ವೇತನ 9,360 ಮಾತ್ರ ಹಿಡಿದು, 30ರಿಂದ ಭಾಗಿಸಿ, ಒಂದೇ ಪಟ್ಟು ಕೊಟ್ಟರೆ ಗಂಟೆಗೆ 39. ಮೂವತ್ತು ಗಂಟೆಗೆ 1,170. ದುಡಿದ ಗಂಟೆ ಅಷ್ಟೇ, ಕೈಗೆ ಬಂದದ್ದರಲ್ಲಿ 3,330 ವ್ಯತ್ಯಾಸ. ಕಾರ್ಖಾನೆ ಕಾಯ್ದೆಯ 59ನೇ ಕಲಂ ದುಪ್ಪಟ್ಟು ಅಂತ ಹೇಳಿತ್ತು, ಅದೂ ಭತ್ಯೆಗಳನ್ನು ಸೇರಿಸಿಕೊಂಡು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೂ ದುಪ್ಪಟ್ಟು ಹಾಗೇ ಉಳಿದಿದೆ, ಜೊತೆಗೆ ಓಟಿಗೆ ಕಾರ್ಮಿಕರ ಒಪ್ಪಿಗೆಯೂ ಬೇಕು. ವೇತನದ ವ್ಯಾಖ್ಯೆ ಬದಲಾಗಿದೆ: ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಶೇ 50 ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಇದನ್ನೆಲ್ಲ ನೋಟಿಸ್ ಬೋರ್ಡಿನಲ್ಲಿ ಕಾನೂನಿನ ಭಾಷೆಯಲ್ಲಿ ಅಂಟಿಸಿ ಪ್ರಯೋಜನವಿಲ್ಲ. ಒಂದು ಮಾದರಿ ಚೀಟಿ, ಒಂದೊಂದು ಸಾಲಿನ ಪಕ್ಕದಲ್ಲೂ ಅದು ಹೇಗೆ ಬಂತು ಅಂತ ಕೈಬರಹದ ಲೆಕ್ಕ, ಅಷ್ಟು ಹಾಕಿ. ಸಂಬಳದ ಮಾರನೇ ದಿನ ಅಕೌಂಟ್ಸ್‌ನವರೊಬ್ಬರು ಕ್ಯಾಂಟೀನಿನ ಮೂಲೆಯಲ್ಲಿ ಒಂದು ಗಂಟೆ ಮೇಜು ಹಾಕಿಕೊಂಡು ಕೂರಲಿ.

ಕಾಂಟ್ರಾಕ್ಟ್ ಹುಡುಗರ ವಿಷಯ ದೊಡ್ಡದು, ಇಲ್ಲಿ ಪೂರ್ತಿ ಹೇಳಲಾಗುವುದಿಲ್ಲ. ಒಂದು ಮಾತು: ಒಂದೇ ಲೈನಿನಲ್ಲಿ ನಿಂತವರಿಗೆ ಬೇರೆ ಬಣ್ಣದ ಅಂಗಿ ಇರಲಿ, ಗುರುತಿಗೆ ಬೇಕು. ಬೇರೆ ಲೋಟ, ಬೇರೆ ಸಾಲು, ಬೇರೆ ಸಾಂಬಾರು ಯಾಕೆ? ಸೇಫ್ಟಿ ಶೂ ವಿಷಯದಲ್ಲಂತೂ ಈ ಭೇದ ಅಪಾಯಕಾರಿ. ಬೀಳುವ ಶಾಫ್ಟಿಗೆ ಕಾಲು ಯಾರ ರೋಲ್‌ನಲ್ಲಿದೆ, ಕಂಪನಿಯದೋ ಕಾಂಟ್ರಾಕ್ಟರದೋ, ಅಂತ ಗೊತ್ತಿರುವುದಿಲ್ಲ.

ಮೇಲಿನ ಮಹಡಿಗೆ ಹೋಗೋಣ, ಡಿಸೈನ್ ಮತ್ತು ಪ್ಲಾನಿಂಗ್ ವಿಭಾಗಕ್ಕೆ. ಇಲ್ಲಿ ಎಣ್ಣೆ ವಾಸನೆ ಇಲ್ಲ, ಆದರೆ ಕಾಯಿಲೆ ಅದೇ. ಡ್ರಾಯಿಂಗಿನಲ್ಲಿ ತಪ್ಪಿದೆ ಅಂತ ಗೊತ್ತಾದ ದಿನವೂ ಅದನ್ನು ಹೇಳಿದ ದಿನವೂ ಬೇರೆ ಬೇರೆ. ನಡುವಿನ ಅಂತರವನ್ನು ಅಳೆಯಿರಿ. ಡ್ರಾಯಿಂಗ್ ಬದಲಾವಣೆಯ ಫಾರಂನಲ್ಲಿ ‘ತಪ್ಪು ಮೊದಲು ಕಂಡ ದಿನಾಂಕ’ ಅಂತ ಒಂದು ಕಾಲಂ ಸೇರಿಸಿ, ‘ಹೊಣೆಗಾರರು’ ಅನ್ನುವ ಕಾಲಂ ತೆಗೆದುಹಾಕಿ. ಕೆಳಗೆ ಶಾಪಿನಲ್ಲಿ ಇನ್ನೂ ‘ಸಿ’ ರಿವಿಷನ್ ಪ್ರಿಂಟು ಮಷೀನಿಗೆ ಅಂಟಿಕೊಂಡಿರುತ್ತದೆ, ಮೇಲೆ ‘ಡಿ’ ಬಿಡುಗಡೆಯಾಗಿ ಹತ್ತು ದಿನವಾಗಿರುತ್ತದೆ. ಹಳೇ ಪ್ರಿಂಟು ವಾಪಸ್ ತರದೆ ಹೊಸದು ಕೊಡಬಾರದು ಅನ್ನುವ ನಿಯಮ ಬಹಳ ಕಡೆ ಇದೆ. ಅದು ನಡೆಯಬೇಕಾದರೆ ವಾಪಸ್ ತರುವವರು ಯಾರು ಅಂತ ಒಬ್ಬರ ಹೆಸರು ಗೊತ್ತುಮಾಡಿರಬೇಕು.

ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಇಂಥ ಕಾಲೇಜುಗಳಿಂದ ಹೊಸದಾಗಿ ಬರುವ ಟ್ರೇನಿ ಎಂಜಿನಿಯರ್‌ಗಳನ್ನು ಏನು ಮಾಡುತ್ತೀರಿ ನೋಡಿ. ಬಹಳ ಕಡೆ ಮೊದಲ ದಿನದಿಂದ ಎಕ್ಸೆಲ್ ತುಂಬಿಸುತ್ತಾರೆ. ವರ್ಷ ತುಂಬುವಷ್ಟರಲ್ಲಿ ಮಕ್ಕಳಿಗೆ ಎಕ್ಸೆಲ್ ಚೆನ್ನಾಗಿ ಬರುತ್ತದೆ, ಬೆಂಗಳೂರಿಗೆ ಹೋಗುತ್ತಾರೆ. ಹನ್ನೆರಡು ವಾರದ ಒಂದು ಯೋಜನೆ ಸಾಕು: ಮೂರು ವಾರ ಮಷೀನ್ ಶಾಪು, ಅದರಲ್ಲಿ ಒಂದು ವಾರ ರಾತ್ರಿ ಶಿಫ್ಟು, ಎರಡು ವಾರ ಇನ್‌ಸ್ಪೆಕ್ಷನ್, ಎರಡು ವಾರ ಅಸೆಂಬ್ಲಿ, ಒಂದು ವಾರ ಸ್ಟೋರ್ಸ್, ಉಳಿದ ನಾಲ್ಕು ವಾರ ಒಂದೇ ಒಂದು ನಿಜವಾದ ಸಮಸ್ಯೆ, ಅದಕ್ಕೊಬ್ಬರು ಮಾರ್ಗದರ್ಶಕರು. ಮೂಲ ಮಾರ್ಕ್ಸ್‌ಕಾರ್ಡ್ ತೆಗೆದಿಟ್ಟುಕೊಂಡು ಬಾಂಡ್ ಬರೆಸಿಕೊಂಡು ಹುಡುಗರನ್ನು ಉಳಿಸಿಕೊಳ್ಳುತ್ತೇವೆ ಅನ್ನುವವರು ದೇಹವನ್ನಷ್ಟೇ ಉಳಿಸಿಕೊಂಡಿರುತ್ತಾರೆ.

ವಾರ್ಷಿಕ ಮೌಲ್ಯಮಾಪನದಲ್ಲಿ ‘ಕೆಳಗಿನ ಶೇ 10’ ಅಂತ ಗುರುತಿಸಲೇಬೇಕು ಅನ್ನುವ ಪದ್ಧತಿ ಇದೆಯಲ್ಲ, ಅದನ್ನು ಆರು ಜನರ ತಂಡಕ್ಕೆ ಹಾಕಿದರೆ ಲೆಕ್ಕ ಬರುವುದು 0.6 ಆಸಾಮಿ. ಅದನ್ನು ಪೂರ್ಣಾಂಕ ಮಾಡಿ ಒಬ್ಬರನ್ನು ಬಲಿ ಕೊಡುತ್ತಾರೆ. ಸಾಮಾನ್ಯವಾಗಿ ಹೆರಿಗೆ ರಜೆಯಿಂದ ಬಂದವರೋ, ಹೊಸದಾಗಿ ತಂಡಕ್ಕೆ ಸೇರಿದವರೋ. ಸಣ್ಣ ತಂಡಕ್ಕೆ ಈ ಪದ್ಧತಿಯೇ ಬೇಡ.

ಕೆಲಸ ಬಿಟ್ಟವರ ಅಂಕಿಅಂಶ ಓದುವುದೂ ಒಂದು ವಿದ್ಯೆ. ವರ್ಷದಲ್ಲಿ ಬಿಟ್ಟವರನ್ನು ಸರಾಸರಿ ನೌಕರರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 120 ಜನರಲ್ಲಿ 18 ಮಂದಿ ಬಿಟ್ಟರೆ ಶೇ 15. ಈ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಆ 18ರಲ್ಲಿ 11 ಮಂದಿ 24 ಜನರ ಒಂದೇ ವಿಭಾಗದವರು ಅಂತ ಗೊತ್ತಾದಾಗ ಕಥೆ ಬೇರೆ. ಮೂರು ತಿಂಗಳೊಳಗೆ ಬಿಟ್ಟರೆ ತಪ್ಪು ಆಯ್ಕೆಯಲ್ಲೋ ಮೊದಲ ವಾರದಲ್ಲೋ ಇದೆ: ಸಂದರ್ಶನದಲ್ಲಿ ಒಂದು ಹೇಳಿ ಕೆಲಸಕ್ಕೆ ಇನ್ನೊಂದು ಕೊಟ್ಟಿರುತ್ತೀರಿ. ಎರಡು ಮೂರು ವರ್ಷಕ್ಕೆ ಬಿಟ್ಟರೆ ಮುಂದಿನ ಮೆಟ್ಟಿಲು ಕಾಣುತ್ತಿಲ್ಲ. ಹತ್ತು ವರ್ಷ ಇದ್ದವರು ಬಿಟ್ಟರೆ ಹೆಚ್ಚಾಗಿ ಮೇಲಧಿಕಾರಿ ಬದಲಾಗಿರುತ್ತಾರೆ. ಹೀಗೆ ಮೂರು ಗುಂಪು, ವಿಭಾಗವಾರು, ಸೂಪರ್‌ವೈಸರ್‌ವಾರು ಬಿಡಿಸಿ.

ಕೊನೆಯ ದಿನದ ಸಂದರ್ಶನದಲ್ಲಿ ಎಲ್ಲರೂ ‘ಬೆಟರ್ ಆಪರ್ಚುನಿಟಿ’ ಅಂತಲೇ ಬರೆಯುತ್ತಾರೆ. ಪಿಎಫ್ ಫಾರಂ, ಅನುಭವ ಪತ್ರ, ಬಾಕಿ ಸಂಬಳ ಎಲ್ಲ ನಿಮ್ಮ ಕೈಯಲ್ಲಿರುವಾಗ ಇನ್ನೇನು ಬರೆದಾರು? ಮೊದಲು ಲೆಕ್ಕ ಚುಕ್ತಾ ಮಾಡಿ. ಹೊಸ ವೇತನ ಸಂಹಿತೆಯ ಪ್ರಕಾರ ಎರಡು ಕೆಲಸದ ದಿನದೊಳಗೆ ಸಂಬಳ ಕೊಡಬೇಕು. ಮೂರು ತಿಂಗಳಾದ ಮೇಲೆ, ಆ ವಿಭಾಗಕ್ಕೆ ಸಂಬಂಧವಿಲ್ಲದವರೊಬ್ಬರು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಲಿ. ಬಿಡಬೇಕು ಅಂತ ಮೊದಲ ಸಲ ಅನ್ನಿಸಿದ್ದು ಯಾವ ದಿನ? ಆವತ್ತು ಏನಾಗಿತ್ತು? ದಿನ ಕೇಳಿದರೆ ಘಟನೆ ಸಿಗುತ್ತದೆ, ಕಾರಣ ಕೇಳಿದರೆ ಭಾಷಣ ಸಿಗುತ್ತದೆ.

ಅನಾಮಧೇಯ ಸಮೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ವಿಭಾಗ, ವಯಸ್ಸು, ಲಿಂಗ, ಸೇವಾವಧಿ ಇಷ್ಟು ಕೇಳಿದ ಮೇಲೆ ಅದು ಅನಾಮಧೇಯ ಆಗಿ ಉಳಿಯುವುದಿಲ್ಲ. ಟೂಲ್ ರೂಮಿನಲ್ಲಿ ಇರುವ ಮಹಿಳೆಯೇ ಒಬ್ಬರು. ಎಂಟಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೆಗೆಯಬೇಡಿ, ಪಕ್ಕದ ವಿಭಾಗಕ್ಕೆ ಸೇರಿಸಿ. ಫಲಿತಾಂಶ ಬಂದು ತಿಂಗಳೊಳಗೆ ಒಂದಾದರೂ ಬದಲಾವಣೆ ಕಣ್ಣಿಗೆ ಕಾಣದಿದ್ದರೆ, ಮುಂದಿನ ವರ್ಷದ ಸಮೀಕ್ಷೆಯ ದುಡ್ಡು ಉಳಿಸಿಕೊಳ್ಳಿ.

ಸಮಿತಿಗಳು. ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಬೇಕು. ಹತ್ತು ಸದಸ್ಯರ ಮಿತಿ, ಎರಡೂ ಕಡೆಯವರು ಸಮ ಸಮ, 30 ದಿನದಲ್ಲಿ ತೀರ್ಮಾನ. ಹತ್ತು ಅಥವಾ ಹೆಚ್ಚು ನೌಕರರಿದ್ದರೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ದೂರಿನ ಆಂತರಿಕ ಸಮಿತಿ ಬೇಕು. ಅದಕ್ಕೆ ಹಿರಿಯ ಮಹಿಳೆ ಅಧ್ಯಕ್ಷರು, ಹೊರಗಿನ ಸದಸ್ಯರೊಬ್ಬರು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಕಾಗದದ ಮೇಲೆ ಎರಡೂ ಇರುತ್ತವೆ. ಕೆಡುವುದು ಸಣ್ಣ ಕಡೆಗಳಲ್ಲಿ. ಕಾರ್ಮಿಕರ ಕಡೆಯ ಸದಸ್ಯರನ್ನೂ ಮ್ಯಾನೇಜ್‌ಮೆಂಟೇ ಆರಿಸಿರುತ್ತದೆ. ಬೋರ್ಡಿನ ಮೇಲಿರುವ ಅಧ್ಯಕ್ಷೆ ಕೆಲಸ ಬಿಟ್ಟು ಎರಡು ವರ್ಷವಾಗಿರುತ್ತದೆ. ಸಭೆಯ ನಡಾವಳಿ ಇಂಗ್ಲಿಷಿನಲ್ಲಿ ಅರ್ಧ ಪುಟ. ದೂರಿಗೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ. ಆಗುವುದಿಲ್ಲ ಅಂತಾದರೆ ಆಗುವುದಿಲ್ಲ ಅಂತಲೇ, ಕಾರಣ ಕೊಟ್ಟು ಬರೆಯಿರಿ. ಸ್ಪಷ್ಟವಾದ ‘ಇಲ್ಲ’ವನ್ನು ಜನ ಒಪ್ಪುತ್ತಾರೆ, ‘ನೋಡೋಣ’ವನ್ನು ಮೂರನೇ ಸಲಕ್ಕೆ ನಂಬುವುದಿಲ್ಲ.

ಉಪನ್ಯಾಸದ ಕೊನೆಗೆ ಗೆಜ್ಜಲಗೆರೆ ಕಡೆಯಿಂದ ಬಂದಿದ್ದ ಸಣ್ಣ ಉದ್ಯಮಿಯೊಬ್ಬರು ಕೇಳಿದರು: ‘ನಮ್ಮಲ್ಲಿರೋದೇ ಹದಿನಾಲ್ಕು ಜನ. ಎಚ್‌ಆರ್ ಅಂತ ಯಾರೂ ಇಲ್ಲ. ಎಲ್ಲ ನಾನೇ. ನಾನೇನು ಮಾಡ್ಬೇಕು ಹೇಳಿ.’

ಹದಿನಾಲ್ಕು ಜನರಾದರೂ ಆಂತರಿಕ ಸಮಿತಿ ನಿಮಗೂ ಬೇಕು, ಅದನ್ನು ಮೊದಲು ಮಾಡಿ. ಮಿಕ್ಕದ್ದಕ್ಕೆ ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಟೀ ಕುಡಿಯುವ ಜಾಗದಲ್ಲಿಡಿ, ನಿಮ್ಮ ಕ್ಯಾಬಿನ್ನಿನಲ್ಲಿ ಬೇಡ. ನಾಲ್ಕು ಕಾಲಂ ಗೆರೆ ಹಾಕಿ: ದಿನಾಂಕ, ಏನು ತೊಂದರೆ, ಯಾರು ನೋಡುತ್ತಾರೆ, ಆಗಿದ್ದು ಯಾವಾಗ. ಬರೆದವರ ಹೆಸರಿಗೆ ಕಾಲಂ ಬೇಡ. ದಿನಾ ಸಂಜೆ ನೀವೇ ನೋಡಿ ಸಹಿ ಹಾಕಿ. ಶನಿವಾರ ಕಾಲು ಗಂಟೆ ಮಷೀನು ನಿಲ್ಲಿಸಿ ಆ ವಾರದ ಪುಟವನ್ನು ಗಟ್ಟಿಯಾಗಿ ಓದಿ. ಯಾವ ಸಾಲು ಮೂರು ವಾರದಿಂದ ಹಾಗೇ ಇದೆಯೋ ಅದಕ್ಕೆ ಕಾರಣ ಹೇಳಿ. ಮೊದಲ ತಿಂಗಳು ಫ್ಯಾನ್ ತಿರುಗುತ್ತಿಲ್ಲ, ಬಚ್ಚಲ ಚಿಲಕ ಹೋಗಿದೆ, ಟೀ ತೆಳ್ಳಗಿದೆ ಇಷ್ಟೇ ಬರುತ್ತದೆ. ಬೇಸರಪಟ್ಟುಕೊಳ್ಳಬೇಡಿ, ಚಿಲಕ ಹಾಕಿಸಿ. ‘ಮೈಕ್ರೋಮೀಟರ್ ಸೊನ್ನೆ ತೋರಿಸುತ್ತಿಲ್ಲ, ಮೂರು ದಿನದಿಂದ’ ಅನ್ನುವ ಸಾಲು ಬರುವುದು ಚಿಲಕ ಬಿದ್ದ ಮೇಲೆಯೇ. ಮತ್ತೆ ಪೆನ್ನಿಗೆ ದಾರ ಕಟ್ಟುವುದನ್ನು ಮರೆಯಬೇಡಿ, ಎರಡನೇ ದಿನಕ್ಕೇ ಕಾಣೆಯಾಗುತ್ತದೆ.